ಸಾರಮ್ಮ ಹಿಡಿಯಲಾಗದ ನೋಂಬು

ಆ ಬೆಳಿಗ್ಗೆ ಮಂಜು ಬಾವಿಕಟ್ಟೆಯವರೆಗೂ ಬಂದು ಕೂತಿತ್ತು. ಫಳ್ನೀರು ಕೇರಿಯ ತೆಂಗಿನ ಗರಿಗಳಿಂದ ಹನಿ ತೊಟ್ಟಿಕ್ಕುತ್ತಿತ್ತು. ಮಸೀದಿಯಲ್ಲಿ ಬೆಳಗಿನ ಬಾಂಗ್ ಮುಗಿದು ಬಹಳ ಹೊತ್ತಾದರೂ ಸೂರ್ಯನ ಸುಳಿವಿರಲಿಲ್ಲ. ಅಂದು ರಂಝಾನಿನ ಮೊದಲ ನೋಂಬು. ಮೂಸಬ್ಬ ಬ್ಯಾರಿಯ ಹೆಂಡತಿ ಸಾರಮ್ಮ ಉಪವಾಸ ಹಿಡಿದಿದ್ದಳು. ದಿನಾ ಸೂಜಿ ಚುಚ್ಚಲು ಬರುವ ನರ್ಸಿಗೆ ಮಾತ್ರ ಹೇಳಿರಲಿಲ್ಲ.

ಅವಳ ಅಕ್ಕ ರುಖಿಯಾಳ ಕಾಲನ್ನು ಸಕ್ಕರೆ ಕಾಯಿಲೆ ತಿಂದಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕತ್ತರಿಸಿದ ಮೇಲೂ, ಇಲ್ಲದ ಆ ಪಾದದ ಬೆರಳು ತುರಿಸುತ್ತದೆ ಎಂದು ಅಕ್ಕ ಅಳುತ್ತಿದ್ದಳು. ಅದೇ ಕಾಯಿಲೆ ತನಗೂ ಉಂಟು ಎಂದು ತಿಳಿದಂದಿನಿಂದ ಸಾರಮ್ಮ ಮಲಗುವ ಮುನ್ನ ತನ್ನ ಎರಡೂ ಪಾದಗಳನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅನ್ನ ಇಳಿಸಿ, ಮೈ ಇಳಿಸಿ, ದಿನಾ ನಡೆಯಿರಿ ಎಂದಿದ್ದರು ಅತ್ತಾವರದ ಡಾಕ್ಟರು. ಕುಚ್ಚಲಕ್ಕಿ ಗಂಜಿಯ ಬಟ್ಟಲು ಅಟ್ಟ ಸೇರಿತು. ಗೋಧಿ ರೊಟ್ಟಿಯ ಚೂರು, ಹೀರೆಕಾಯಿ, ತೆಳ್ಳಗಿನ ಮೀನು ಸಾರು ಬಂದವು. ಮೂಸಬ್ಬ ಸಕ್ಕರೆ ಡಬ್ಬಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಬೀದಿಯಲ್ಲಿ ನಡೆಯುವುದು ಆ ಮನೆಯ ಹೆಂಗಸರಿಗೆ ಆಗದ ಮಾತು. ಹಾಗಾಗಿ ಸಾರಮ್ಮ ತಸ್ಬೀಹ್‌ನ ಜಪಮಣಿ ಎಣಿಸುತ್ತ ಬಾವಿಯ ಸುತ್ತಲೇ ನಡೆದಳು. ನೀರಿಗೆ ಬಂದ ಪಕ್ಕದ ಮನೆಯ ದೇಯಿ ಅದನ್ನು ನೋಡಿ ನಕ್ಕಿದ್ದಳು.

"ಎಂತ ಸಾರಮ್ಮಕ್ಕ, ನಮ್ಮ ಪ್ರದಕ್ಷಿಣೆ ನಿಮ್ಮ ಬಾವಿಗೂ ಬಂತಾ?"

ಮೈ ಇಳಿಯಿತು, ಬಳೆ ಸಡಿಲವಾಯಿತು. ನರ್ಸ್ ಮಗ್ದಲೀನ್ ದಿನಾ ಡ್ಯೂಟಿಗೆ ಹೋಗುವ ದಾರಿಯಲ್ಲಿ ಬಂದು ಇನ್ಸುಲಿನ್ ಚುಚ್ಚುತ್ತಿದ್ದಳು. ಸಕ್ಕರೆ ಎಷ್ಟಿದೆಯೆಂದು ನೋಡಲು ಅವಳು ಮೂತ್ರಕ್ಕೆ ನೀಲಿ ಮದ್ದು ಬೆರೆಸಿ ಕಾಯಿಸುವಾಗ, ಮೊದಲು ಇಟ್ಟಿಗೆಯಂತೆ ಕೆಂಪಾಗುತ್ತಿದ್ದುದು ಈಗ ಹಸಿರಿನಲ್ಲೇ ನಿಲ್ಲುತ್ತಿತ್ತು. ತಿನ್ನದಿದ್ದಷ್ಟೂ ಕಾಯಿಲೆ ದೂರ ಓಡುತ್ತದೆ ಎಂದು ಗಂಡಹೆಂಡತಿ ನಂಬಿದರು. ಹಾಗಿದ್ದರೆ ನೋಂಬಿಗಿಂತ ದೊಡ್ಡ ಪಥ್ಯ ಯಾವುದು? ಸೃಷ್ಟಿಸಿದವನೂ ಮೆಚ್ಚುತ್ತಾನೆ, ಕಾಲೂ ಉಳಿಯುತ್ತದೆ.

ಅಂದು ಮಗ್ದಲೀನ್ ಸೂಜಿ ಹಿಡಿದು, ತಿಂಡಿ ಆಯಿತೇ ಎಂದು ಎಂದಿನಂತೆ ಕೇಳಿದಳು. ಸಾರಮ್ಮ ಹೌದೆಂದು ತಲೆಯಾಡಿಸಿದಳು. ಬೆಳಕು ಹರಿಯುವ ಮೊದಲು ಅರ್ಧ ರೊಟ್ಟಿ ತಿಂದದ್ದು ಸುಳ್ಳಲ್ಲವಲ್ಲ.

ನರ್ಸ್ ಇನ್ಸುಲಿನ್ ಚುಚ್ಚಿ ಹೋದ ಮೇಲೆ ಅವಳು ಬಾವಿಯ ಸುತ್ತ ನಡೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಆ ಚಳಿಯಲ್ಲೂ ಬೆನ್ನು ಬೆವೆತಿತು. ಬೆರಳು ನಡುಗಿ ಮಣಿ ತಪ್ಪಿತು. ಬಾವಿಕಟ್ಟೆ ಎಲ್ಲಿ ಮುಗಿಯುತ್ತದೆ, ಮಂಜು ಎಲ್ಲಿ ಶುರುವಾಗುತ್ತದೆ ಎಂದು ತಿಳಿಯಲಿಲ್ಲ. ಕೊಡ ಬಿಸಾಡಿ ಓಡಿಬಂದ ದೇಯಿ ಹಿಡಿಯದಿದ್ದರೆ ಅವಳು ಬಾವಿಯೊಳಗೇ ಬೀಳುತ್ತಿದ್ದಳು.

ಮೂಸಬ್ಬ ಬಂದಾಗ ಹೆಂಡತಿಯ ಕಣ್ಣುಗಳು ಅವನನ್ನು ಗುರುತಿಸಲಿಲ್ಲ. ನಡುಕ ಬಂದರೆ ಕೂಡಲೇ ಸಕ್ಕರೆ ಕೊಡಿ ಎಂದು ಮಗ್ದಲೀನ್ ಮೊದಲ ದಿನವೇ ಹೇಳಿಹೋಗಿದ್ದಳು. ಆದರೂ ಕೀಲಿ ಹಿಡಿದ ಅವನ ಕೈ ಮೇಲೇಳಲಿಲ್ಲ. ರುಖಿಯಾಳ ಕಾಲನ್ನು ತಿಂದ ವಿಷವನ್ನು ತಾನೇ ಇವಳ ಬಾಯಿಗೆ ಹಾಕುವುದೇ? ನೋಂಬನ್ನೂ ತನ್ನ ಕೈಯಾರೆ ಮುರಿಯುವುದೇ?

"ನರ್ಸಮ್ಮ ಹೇಳಿದ್ದು ಮರ್ತುಹೋಯ್ತಾ ಬ್ಯಾರಿಗಳೇ?" ದೇಯಿ ಕೂಗಿದಳು. "ಸಕ್ಕರೆ ಕೊಡಿ ಮಾರಾಯ್ರೆ. ದೇವ್ರ ಹತ್ರ ಆಮೇಲೆ ಮಾತಾಡುವ."

ಬೀಗ ಒಂದೇ ಸಲಕ್ಕೆ ತೆರೆಯಲಿಲ್ಲ. ಕೊನೆಗೆ ಅವನು ಒದ್ದೆ ಬೆರಳಿಗೆ ಅಂಟಿಸಿದ ಸಕ್ಕರೆಯನ್ನು ಅವಳ ಕೆನ್ನೆಯ ಒಳಗೆ ಮತ್ತೆ ಮತ್ತೆ ಸವರುತ್ತ, ಅರ್ಧ ಮರೆತ ಪ್ರಾರ್ಥನೆಯನ್ನು ಮೊದಲಿನಿಂದ ಹೇಳುತ್ತ ಕೂತ. ಮಂಜು ಕರಗುವ ಹೊತ್ತಿಗೆ ಸಾರಮ್ಮ ನೀರು ಕೇಳಿದಳು.

ಸುದ್ದಿ ಕೇಳಿ ಸಂಜೆ ಬಂದ ಮಗ್ದಲೀನ್ ಬೈಯಲಿಲ್ಲ, ಸಾರಮ್ಮನ ಕೈ ಹಿಡಿದು ಕೂತಳು. "ಸಕ್ಕರೆ ಹೆಚ್ಚಾದ್ರೆ ಕಾಲು ಹೋಗ್ತದೆ, ಸಾರಮ್ಮ. ಸೂಜಿ ಹಾಕಿಸಿಕೊಂಡು ತಿನ್ನದೆ ಅದು ಇಳಿದ್ರೆ ನೀವೇ ಹೋಗ್ತೀರಿ. ಹೊತ್ತಿಗೆ ಸರಿಯಾಗಿ ಅಳತೆಯಲ್ಲಿ ತಿನ್ನುವುದೇ ಪಥ್ಯ."

ಮಸೀದಿಯ ಗುರುಗಳಾದ ಖತೀಬರೂ ಮೂಸಬ್ಬನಿಗೆ ಮೆಲ್ಲಗೆ ತಿಳಿಹೇಳಿದರು. ವಾಸಿಯಾಗದ ಕಾಯಿಲೆಯವರಿಗೆ ನೋಂಬಿನ ಹಂಗಿಲ್ಲ. ಬಿಟ್ಟ ನೋಂಬಿಗೆ ಬದಲಾಗಿ ಬಡವರಿಗೆ ಅಕ್ಕಿ ಅಳೆದು ಕೊಟ್ಟರೆ ಸಾಲ ತೀರಿತು.

ಮರುದಿನ ಮನೆಯವರೆಲ್ಲ ಉಪವಾಸವಿರುವಾಗ ಸಾರಮ್ಮ ಅಡುಗೆಮನೆಯ ಬಾಗಿಲು ಎಳೆದುಕೊಂಡು ರೊಟ್ಟಿ ತಿಂದಳು. ಆಮೇಲೆ ಬಾವಿಯ ಸುತ್ತ ನಡೆದಳು, ಕಟ್ಟೆಯಿಂದ ದೂರ ಸರಿದು. ಸೆರಗಿನ ತುದಿಯಲ್ಲಿ, ನಡುಕ ಬಂದರೆ ಇರಲಿ ಎಂದು ಕಟ್ಟಿಕೊಂಡ ಸಕ್ಕರೆಯ ಸಣ್ಣ ಗಂಟಿತ್ತು. ಅದು ಕೈಗೆ ತಗಲಿದಾಗಲೆಲ್ಲ ಬಗ್ಗಿ ತನ್ನ ಪಾದ ನೋಡಿಕೊಳ್ಳುತ್ತಿದ್ದಳು.

ಸಂಜೆ ಬೀಡಿ ಕಟ್ಟುವ ವಿಧವೆ ಬೀಫಾತಿಮ್ಮ ಹಿತ್ತಿಲ ಬಾಗಿಲಿಗೆ ಬಂದಳು. ಸಾರಮ್ಮ ಅಟ್ಟದಿಂದ ಇಳಿಸಿದ ತನ್ನ ಗಂಜಿಯ ಬಟ್ಟಲಿನಲ್ಲಿ ಬಿಟ್ಟ ನೋಂಬಿನ ಅಕ್ಕಿ ತುಂಬಿ ಅವಳ ಸೆರಗಿಗೆ ಸುರಿದಳು. ತಳಕ್ಕೆ ಅಂಟಿದ್ದ ಕಾಳುಗಳನ್ನೂ ಬೆರಳಿನಿಂದ ಸವರಿ ಹಾಕಿದಳು.