ಹತ್ತೊಂಬತ್ತು ಹೆಜ್ಜೆ

ಅಂದು ಬೆಳಗ್ಗೆ ಹೊಳೆನರಸೀಪುರದ ಮೇಲೆ ಮಂಜು ಎಷ್ಟು ದಟ್ಟವಾಗಿ ಕೂತಿತ್ತೆಂದರೆ, ಹೇಮಾವತಿ ಹರಿಯುವ ಸದ್ದು ಕೇಳುತ್ತಿತ್ತೇ ಹೊರತು ಹೊಳೆ ಕಾಣುತ್ತಿರಲಿಲ್ಲ. ಪುಷ್ಯ ಮಾಸದ ಚಳಿ. ಹೊಲಗಳ ಕಡೆಯಿಂದ ಅವರೆಯ ಸೊಗಡು ಮಂಜಿನ ಜೊತೆ ಸೇರಿಕೊಂಡು ರಸ್ತೆಯವರೆಗೂ ಬಂದಿತ್ತು. ಆರೂವರೆಯಾದರೂ ಲಾರಿಗಳು ದೀಪ ಹಾಕಿಕೊಂಡೇ ಓಡಾಡುತ್ತಿದ್ದವು.

ಆ ಮಂಜಿನಲ್ಲಿ ಭಾಗ್ಯಲಕ್ಷ್ಮಿ ತನ್ನ ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅರಕಲಗೂಡು ರಸ್ತೆಯಲ್ಲಿ ಹೋಗುತ್ತಿದ್ದಳು. ಆಕೆ ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಪಿ.ಟಿ. ಟೀಚರು. ಹಿಂದೆ ಕೂತಿದ್ದವರು ಹೊನ್ನಯ್ಯನವರು. ವಯಸ್ಸು ಎಪ್ಪತ್ತೊಂದು. ಹತ್ತು ಸಾವಿರ ಮೀಟರ್ ಓಟದಲ್ಲಿ ಮೂರು ಸಲ ರಾಜ್ಯಕ್ಕೆ ಮೊದಲು, ಒಂದು ಸಲ ದೇಶಕ್ಕೆ ಎರಡನೆಯವರು. ಹಾಸನದ ಸರ್ಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದರು. ಆ ಕೆಲಸ ಕೊಟ್ಟಿದ್ದೂ ಓಟವೇ. ನಿಂತು ಹೋಗಿದ್ದ, ಹೊಳೆದಂಡೆಗೆ ಬಂದು ಮುಗಿಯುವ ಹೊಳೆ ಓಟವನ್ನು ಈ ವರ್ಷ ಮತ್ತೆ ಶುರು ಮಾಡಿದ ಊರಿನವರು ಅದಕ್ಕೆ ಅವರ ಹೆಸರನ್ನೇ ಇಟ್ಟಿದ್ದರು. ಎಪ್ಪತ್ತು ದಾಟಿದವರಿಗೆಂದು ಹತ್ತು ಕಿಲೋಮೀಟರಿನ ಓಟವೂ ಇತ್ತು. "ಅರಕಲಗೂಡಿನ ರಾಮಣ್ಣ ಓಡಿದರೆ ನಾನೂ ಓಡುತ್ತೇನೆ" ಎಂದು ಹೊನ್ನಯ್ಯನವರು ಷರತ್ತು ಹಾಕಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ.

"ಭಾಗ್ಯ, ಇಲ್ಲಿ ನಿಲ್ಸವ್ವ."

ಮಂಜಿನಲ್ಲಿ ಮೊದಲು ಗೋಣಿಮರದ ಬುಡ ಕಂಡಿತು, ಆಮೇಲೆ ಅದರ ಕೆಳಗಿನ ಪುಟ್ಟ ಗುಡಿ. ದಾರಿಯಮ್ಮನ ಗುಡಿ. ಗುಡಿಯ ಆಚೆ ಒಂದು, ಈಚೆ ಒಂದು, ಮೊಣಕಾಲೆತ್ತರದ ಎರಡು ಕಲ್ಲುಗಳು ರಸ್ತೆಯಂಚಿನಲ್ಲಿ ನಿಂತಿವೆ. ಆ ಎರಡು ಕಲ್ಲುಗಳ ನಡುವೆ ಯಾರೂ ಕಾಲಿಗೆ ಚಪ್ಪಲಿ ಹಾಕಿಕೊಂಡು ಹೋಗುವುದಿಲ್ಲ. ಎಷ್ಟು ಅವಸರವಿದ್ದರೂ ಬಸ್ಸಿನ ಡ್ರೈವರು ಅಲ್ಲಿ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು, ಬರಿಗಾಲನ್ನೇ ಪೆಡಲಿನ ಮೇಲಿಟ್ಟುಕೊಂಡು ದಾಟುತ್ತಾನೆ.

ಭಾಗ್ಯಲಕ್ಷ್ಮಿಯೂ ಚಪ್ಪಲಿ ಬಿಟ್ಟು ಬರಿಗಾಲಿಟ್ಟುಕೊಂಡಳು. "ತೆಗ್ದೆ ಕಣಪ್ಪ. ಓಗನಾ?"

"ಗಾಡಿ ತಳ್ಕೊಂಡು ನಡಿ. ಓಡ್ಸ್‌ಬ್ಯಾಡ."

"ಟೈಮಾಗುತ್ತೆ ಅಪ್ಪ."

"ನಡಿ."

ಅವರು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ತಲೆ ತಗ್ಗಿಸಿ ನಡೆದರು. ಆಕೆ ಸ್ಕೂಟರು ತಳ್ಳಿಕೊಂಡು ಪಕ್ಕದಲ್ಲಿ ನಡೆದಳು. ಅಪ್ಪನ ತುಟಿ ಅಲುಗುತ್ತಿದ್ದುದನ್ನು ನೋಡಿ, ದಾರಿಯಮ್ಮನ ಹೆಸರು ಹೇಳುತ್ತಿದ್ದಾರೆ ಎಂದುಕೊಂಡಳು. ಎರಡನೆಯ ಕಲ್ಲು ಮುಟ್ಟಿದಾಗ ಅವರು ಮೆಲ್ಲಗೆ, "ಹತ್ತೊಂಬತ್ತು" ಎಂದರು.

ಭಾಗ್ಯಲಕ್ಷ್ಮಿ ಗಾಡಿ ತಳ್ಳುವುದನ್ನು ನಿಲ್ಲಿಸಿದಳು.

ಆ ಲೆಕ್ಕ ಆಕೆಗೆ ಗೊತ್ತಿತ್ತು. ಹಾಸನ ಜಿಲ್ಲೆಯಲ್ಲಿ ಓಡುವ ಯಾವ ಮಗುವಿಗೂ ಗೊತ್ತಿತ್ತು. ಹೊನ್ನಯ್ಯನವರು ಓಟ ಮುಗಿದ ಕೂಡಲೇ ಕೂರುತ್ತಿರಲಿಲ್ಲ, ಹಾರ ಹಾಕಿಸಿಕೊಳ್ಳುತ್ತಿರಲಿಲ್ಲ. ಗೆದ್ದರೂ ಸೋತರೂ ಕೈಯನ್ನು ಎದೆಗೆ ಹಚ್ಚಿಕೊಂಡು, ತಲೆ ಬಗ್ಗಿಸಿ, ಹತ್ತೊಂಬತ್ತು ಹೆಜ್ಜೆ ನಡೆದು ನಿಲ್ಲುತ್ತಿದ್ದರು. ಉಸಿರು ಹತೋಟಿಗೆ ತರುವ ಗುಟ್ಟು ಅದು ಎಂದು ಮೇಷ್ಟ್ರುಗಳು ಹೇಳಿಕೊಟ್ಟರು. ಅವರು ಹೇಳಿಕೊಟ್ಟ ಮಕ್ಕಳು ತಾವೂ ದೊಡ್ಡವರಾಗಿ ಮತ್ತೊಂದಷ್ಟು ಮಕ್ಕಳಿಗೆ ಹೇಳಿಕೊಟ್ಟರು. ಈಗ ಹಾಸನದ ಸ್ಟೇಡಿಯಮ್ಮಿನಲ್ಲಿ ಸಂಜೆ ಹೊತ್ತು ಹೋಗಿ ನಿಂತರೆ, ಓಡಿ ಬಂದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎದೆಗೆ ಕೈ ಹಚ್ಚಿ ಮೌನವಾಗಿ ನಡೆಯುವುದು ಕಾಣುತ್ತದೆ. ಭಾಗ್ಯಲಕ್ಷ್ಮಿಯೇ ಇಪ್ಪತ್ತು ವರ್ಷದಿಂದ ಅದನ್ನು ಹೇಳಿಕೊಡುತ್ತ ಬಂದಿದ್ದಳು.

"ಅಪ್ಪ, ಇದು ಉಸಿರಿಗಲ್ವಾ?"

"ಉಸಿರಿಗೂ ಒಳ್ಳೇದೇ, ಬುಡು" ಎಂದು ಹೊನ್ನಯ್ಯನವರು ಶೂ ಕಟ್ಟಿಕೊಳ್ಳುತ್ತ ಕಲ್ಲಿನ ಪಕ್ಕ ಕೂತರು. ಲೇಸಿನ ಗಂಟು ಬಿಗಿದರು. ಆಮೇಲೆ ಹೇಳಿದರು.

ನಲವತ್ತನಾಲ್ಕು ವರ್ಷದ ಹಿಂದೆ ಇದೇ ದಾರಿಯಲ್ಲಿ ಅರಕಲಗೂಡಿನಿಂದ ಹೊಳೆಯವರೆಗೆ ಓಟ. ಗೆದ್ದವನೊಬ್ಬನನ್ನು ಮಾತ್ರ ರಾಜ್ಯದ ಕ್ಯಾಂಪಿಗೆ ಕಳಿಸುತ್ತಾರೆಂಬ ಮಾತಿತ್ತು. ಹೊನ್ನಯ್ಯ, ರಾಮಣ್ಣ ಇಬ್ಬರೂ ಒಂದೇ ಸ್ಕೂಲಿನವರು, ಒಂದೇ ಕಾಲುದಾರಿಯಲ್ಲಿ ಓಡಿ ಬೆಳೆದವರು. ರಾಮಣ್ಣನಿಗೆ ಯಾರೋ ಕ್ಯಾನ್ವಾಸ್ ಶೂ ಕೊಡಿಸಿದ್ದರು. ಹೊನ್ನಯ್ಯನದು ಬರಿಗಾಲು. ಹೊಳೆಗೆ ಇನ್ನೊಂದು ಮೈಲಿ ಇರುವಾಗ ರಾಮಣ್ಣ ಮುಂದಿದ್ದ. ಗುಡಿ ಬಂತು. ರಾಮಣ್ಣ ನಿಂತು ಶೂ ಬಿಚ್ಚಿ, ಕೈಯಲ್ಲಿ ಹಿಡಿದು, ಕಲ್ಲಿಂದ ಕಲ್ಲಿಗೆ ನಡೆಯತೊಡಗಿದ.

"ನಂಗೆ ಬಿಚ್ಚಕ್ಕೆ ಏನೂ ಇರ್ಲಿಲ್ವಲ್ಲ ಮಗ. ಬರಿಗಾಲು ತಾನೇ ಅನ್ಕೊಂಡೆ. ಓಡ್ಬುಟ್ಟೆ."

"ಅದ್ರಲ್ಲಿ ತಪ್ಪೇನಪ್ಪ? ಚಪ್ಲಿ ಆಕ್ಕೊಂಡು ಓಗ್ಬಾರ್ದು ಅಂತ ತಾನೆ ಇರೋದು?"

"ಈಗ ಅಷ್ಟೇ ಉಳ್ಕೊಂಡೈತೆ. ನಮ್ಮವ್ವ ನನ್ ಕೈ ಹಿಡ್ಕೊಂಡು ಇಲ್ಲಿ ನಡೆಸ್ತಿದ್ಲು. 'ಇವು ಅಮ್ಮನ ಹೆಜ್ಜೆ ಕಣ್ಲಾ, ಇಲ್ಲಿ ಯಾರೂ ಓಡಕಿಲ್ಲ. ಮಳೆ ಬಂದ್ರೂ ಓಡಕಿಲ್ಲ' ಅನ್ನೋಳು. ನಂಗೆ ಗೊತ್ತಿತ್ತು. ಗೊತ್ತಿದ್ದೂ, ಬರಿಗಾಲು ಅನ್ನೋ ನೆವ ಸಿಕ್ತು. ನಡೀತಿದ್ದೋನ ಪಕ್ಕದಲ್ಲೇ ಓಡಿದೆ."

ಆ ದಿನ ಹೊನ್ನಯ್ಯ ಗೆದ್ದದ್ದು ಎಂಟೇ ಹೆಜ್ಜೆಯ ಅಂತರದಿಂದ. ಹಿತ್ತಾಳೆ ಬಿಂದಿಗೆ ಬಹುಮಾನ ಬಂತು, ಕ್ಯಾಂಪು ಬಂತು, ಕೆಲಸ ಬಂತು. ರಾಮಣ್ಣ ಅರಕಲಗೂಡಿಗೆ ವಾಪಸ್ಸು ಹೋಗಿ ಆಲೂಗೆಡ್ಡೆ ಬೆಳೆದ. ಹೊನ್ನಯ್ಯ ಒಂದು ಸಲ ಬಿಂದಿಗೆ ಹೊತ್ತುಕೊಂಡು ಅವನ ಮನೆಗೆ ಹೋದರು. ರಾಮಣ್ಣ ಬಿಂದಿಗೆಯ ತುಂಬ ಆಲೂಗೆಡ್ಡೆ ತುಂಬಿ ಹಾಗೇ ವಾಪಸ್ಸು ಕಳಿಸಿದ. "ಓಟದಲ್ಲಿ ಓಗಿದ್ದು ಓಟದಲ್ಲೇ ಬರ್ಬೇಕು ಕಣ್ಲಾ ಹೊನ್ನ, ಬಿಂದಿಗೇಲಿ ಬರಕಿಲ್ಲ" ಎಂದಿದ್ದ. ಆಮೇಲೆ ಹೊಳೆ ಓಟವೇ ನಿಂತುಹೋಯಿತು.

"ಅಂಗಾಗಿ ನಾನು ಎಲ್ಲೇ ಓಡಿದ್ರೂ ಕೊನೇಗೆ ಈ ಹೆಜ್ಜೆ ನಡ್ದೆ. ಡೆಲ್ಲೀಲೂ ನಡ್ದೆ. ಆದ್ರೆ ಡೆಲ್ಲೀಲಿ ನಡದ್ರೆ ಅರಕಲಗೂಡು ದಾರಿ ಸವೀತದಾ?"

ಈ ದಾರಿಯಲ್ಲಿ ನಮ್ಮಪ್ಪ ಸೋತೇ ಇಲ್ಲ ಎಂದು ಭಾಗ್ಯಲಕ್ಷ್ಮಿ ಸ್ಕೂಲಿನ ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದಳೋ. ಇವತ್ತೂ ಸೋಲದಿರಲಿ ಎಂದು ಬೆಳಗ್ಗೆ ದೇವರಿಗೆ ದೀಪ ಹಚ್ಚಿ ಬಂದಿದ್ದಳು. ಗುಡಿಯೊಳಗೆ ಎಣ್ಣೆ ಹಾಕುತ್ತಿದ್ದ ಲಕ್ಕಮ್ಮ ಎಂಬ ಮುದುಕಿ ಹೊರಗೆ ಬಂದು, ಹಣೆಗೆ ಕೈ ಅಡ್ಡ ಇಟ್ಟು ನೋಡಿ, "ಯಾರು, ಹೊನ್ನಯ್ಯನಾ? ಆವತ್ತು ನಾನು ನೀರ್ ಕೊಡಕ್ಕೆ ಚೊಂಬು ಹಿಡ್ಕೊಂಡು ನಿಂತಿದ್ರೆ, ತಿರುಗೂ ನೋಡ್ದೆ ಓಡ್ಬುಟ್ಟೆ. ಚೊಂಬು ಇನ್ನೂ ಐತೆ ಕಣಪ್ಪ" ಎಂದಳು.

"ಇವತ್ತು ನಿಲ್ತೀನಿ ಲಕ್ಕಕ್ಕ" ಎಂದರು ಹೊನ್ನಯ್ಯನವರು.

ಓಟ ಶುರುವಾಗುವ ಜಾಗದಲ್ಲಿ ಸಮಿತಿಯ ಸುದರ್ಶನ್ ಮೈಕ್ ಹಿಡಿದು, "ಸೋಲನ್ನೇ ಕಾಣದ ನಮ್ಮ ಹೊನ್ನಯ್ಯನವರು..." ಎಂದು ಐದನೇ ಸಲ ಹೇಳುತ್ತಿದ್ದ. ಹೊನ್ನಯ್ಯನವರೂ ಸೇರಿ ಒಂಬತ್ತು ಜನ ಮುದುಕರು ಚಳಿಗೆ ಕೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಅವರಲ್ಲಿ ತೆಳ್ಳಗೆ, ಒಣಗಿದ ಜಾಲಿಕೊಂಬೆಯ ಹಾಗಿದ್ದವರು ರಾಮಣ್ಣ. ಕಾಲಲ್ಲಿ ಏನೂ ಇರಲಿಲ್ಲ.

"ಯಾಕ್ಲಾ ರಾಮ, ಶೂ ಎಲ್ಲಿ?"

"ಆ ಶೂ ಆವತ್ತೇ ಸವ್ದೋಯ್ತು. ಆಮೇಲೆ ಗದ್ದೇಲಿ ಯಾರ್ಲಾ ಶೂ ಆಕ್ಕೊಂಡು ನಾಟಿ ಮಾಡೋರು? ನೀನು ಸಾಹೇಬ, ಆಕ್ಕೋ" ಎಂದು ರಾಮಣ್ಣ ಬೊಚ್ಚು ಬಾಯಿ ಬಿಟ್ಟು ನಕ್ಕರು. ಮೈಕಿನ ಕಡೆ ತಿರುಗಿ, "ಸಾ, ಬೇಗ ಬುಡಿ ಸಾ. ಇನ್ನೊಸಿ ಮಾತಾಡಿದ್ರೆ ನಾವು ಇಲ್ಲೇ ಎಂಬತ್ತು ತುಂಬ್ಕೋತೀವಿ" ಎಂದರು. ಸೇರಿದ್ದ ಜನರೆಲ್ಲ ಗೊಳ್ಳೆಂದರು.

ಸೀಟಿ ಊದಿದರು.

ಭಾಗ್ಯಲಕ್ಷ್ಮಿ ನೀರಿನ ಬಾಟಲಿ ಇಟ್ಟುಕೊಂಡು ಸ್ಕೂಟರಿನಲ್ಲಿ ಹಿಂದೆ ಬಂದಳು. ಅಪ್ಪ ಓಡುವುದನ್ನು ಚಿಕ್ಕಂದಿನಿಂದ ನೋಡಿದವಳು ಆಕೆ. ಆದರೂ ಅಂದು ನೋಡಿದ್ದನ್ನು ಮೊದಲ ಸಲ ನೋಡಿದ ಹಾಗನ್ನಿಸಿತು. ಮಂಜಿನೊಳಗೆ ಬಿಳಿ ತಲೆಯೊಂದು ಒಂದಿಷ್ಟೂ ಅಲುಗದೆ ಮುಂದೆ ಸಾಗುತ್ತಿತ್ತು. ಮಂಡಿ ನೋವಿಗೆ ರಾತ್ರಿಯೆಲ್ಲ ಎಣ್ಣೆ ತಿಕ್ಕಿಸಿಕೊಂಡ ಮನುಷ್ಯ ಇವರೇನಾ ಎನ್ನಿಸುವಂತೆ ಕಾಲುಗಳು ನೆಲಕ್ಕೆ ಭಾರ ಹಾಕದೆ ಎದ್ದು ಇಳಿಯುತ್ತಿದ್ದವು. ಮೊದಲ ಐದು ಕಿಲೋಮೀಟರಿಗೆ ಏಳು ಜನ ಹಿಂದೆ ಉಳಿದರು. ಎಂಟನೆಯದರಲ್ಲಿ ಹೊನ್ನಯ್ಯನವರು ರಾಮಣ್ಣನನ್ನೂ ಹಿಂದೆ ಹಾಕಿ ಐವತ್ತು ಮಾರು ಮುಂದೆ ಹೋದರು. ಅವರೆ ಬಿಡಿಸಲು ಬಂದ ಹೆಂಗಸರು ಬದುವಿನ ಮೇಲೆ ನಿಂತು ಕೈ ಮುಗಿದರು. ಓಡುವವರಿಗೆ ಕೈ ಮುಗಿಯುವುದನ್ನು ಭಾಗ್ಯಲಕ್ಷ್ಮಿ ಎಲ್ಲೂ ಕಂಡಿರಲಿಲ್ಲ.

ಅಷ್ಟು ಹೊತ್ತಿಗೆ ಮಂಜು ಹರಿದು ಗೋಣಿಮರದ ತುದಿಗೆ ಬಿಸಿಲು ಬಿದ್ದಿತ್ತು. ಮರದ ಕೆಳಗೆ ನೂರು ಜನ ಸೇರಿದ್ದರು. ಹೊಳೆಗೆ ಇನ್ನು ಒಂದೇ ಮೈಲಿ.

"ಓಡಿ ಸಾ! ಓಡಿ! ಗೆದ್ಬುಟ್ರಿ!"

ಹೊನ್ನಯ್ಯನವರು ಮೊದಲ ಕಲ್ಲಿನ ಹತ್ತಿರ ನಿಂತರು.

ಕೂಗು ಒಮ್ಮೆಗೇ ನಿಂತಿತು. ಏನೋ ಆಯಿತು ಎಂದು ಇಬ್ಬರು ಮುಂದೆ ಓಡಿ ಬಂದರು. ಭಾಗ್ಯಲಕ್ಷ್ಮಿ ಕೈ ಅಡ್ಡ ಹಿಡಿದು ಅವರನ್ನು ತಡೆದಳು. ಹೊನ್ನಯ್ಯನವರು ಬಗ್ಗಿ ಶೂ ಬಿಚ್ಚಿದರು. ಗಂಟು ಬೇಗ ಬಿಚ್ಚಿಕೊಳ್ಳಲಿಲ್ಲ. ಶೂ ಅಲ್ಲೇ ಬಿಟ್ಟು, ಎದೆಗೆ ಕೈ ಹಚ್ಚಿ, ತಲೆ ಬಗ್ಗಿಸಿ ನಡೆದರು. ಸುತ್ತ ನಿಂತ ಜನ ಆ ನಡಿಗೆಯನ್ನು ಮೈದಾನದಲ್ಲಿ ನೂರು ಸಲ ಕಂಡಿದ್ದರು. ಅದರ ಅಳತೆ ಎಲ್ಲಿಂದ ಬಂತೆಂದು ಅವರಿಗೆ ಆ ಕ್ಷಣದಲ್ಲಿ, ಯಾರೂ ಹೇಳದೆ, ಕಲ್ಲಿಂದ ಕಲ್ಲಿಗೆ ಕಣ್ಣು ಹಾಯಿಸಿದಾಗ ತಿಳಿಯಿತು. ಒಬ್ಬೊಬ್ಬರೇ ಚಪ್ಪಲಿ ಬಿಟ್ಟರು.

ಗುಡಿಯ ಮುಂದೆ ಲಕ್ಕಮ್ಮ ಚೊಂಬು ಚಾಚಿದಳು. ಹೊನ್ನಯ್ಯನವರು ಒಂದು ಗುಟುಕು ಕುಡಿದರು. ಎರಡನೆಯ ಕಲ್ಲು ಮುಟ್ಟಿ ಅಲ್ಲೇ ನಿಂತರು.

ರಾಮಣ್ಣ ಬಂದರು. ಬರಿಗಾಲು, ಬಿಚ್ಚಲು ಏನೂ ಇರಲಿಲ್ಲ. ಆದರೂ ಮೊದಲ ಕಲ್ಲಿನ ಹತ್ತಿರ ಓಟ ನಿಲ್ಲಿಸಿ, ಏದುಸಿರು ಬಿಡುತ್ತಲೇ, ಒಂದೊಂದೇ ಹೆಜ್ಜೆ ನಡೆದು ಬಂದರು. ಹೊನ್ನಯ್ಯನವರು ಕಣ್ಣು ಮಿಟುಕಿಸದೆ ಆ ಪಾದಗಳನ್ನೇ ನೋಡುತ್ತಿದ್ದರು. ಬರಿಗಾಲಿನವನು ಇಲ್ಲಿ ಹೇಗೆ ದಾಟಬೇಕಿತ್ತು ಎಂಬುದು ಅವರ ಕಣ್ಣ ಮುಂದೆಯೇ ನಡೆದು ಬರುತ್ತಿತ್ತು.

"ಯಾಕ್ಲಾ ನಿಂತೆ?" ಎಂದರು ರಾಮಣ್ಣ. "ಅಮ್ಮಂದು ಅಮ್ಮಂಗೆ ಕೊಟ್ಟಾಯ್ತಲ್ಲ. ಓಡು."

"ಅದು ಅಮ್ಮಂದು. ನಿಂದು ಬಾಕಿ ಐತೆ."

"ಥೂ, ಮುದಿಯ. ಗೆಲ್ಲೋ ಓಟ ಕಣ್ಲಾ ನಿಂದು. ಎಲ್ಲಾರೂ ನೋಡ್ತಾವ್ರೆ."

"ಆವತ್ತೂ ನೋಡ್ತಿದ್ರು. ಓಗ್ಲಾ ರಾಮ. ನಿನ್ ಹತ್ತೊಂಬತ್ತು ಹೆಜ್ಜೆ ಆದ್ಮೇಲೆ ನಾನು ಬತ್ತೀನಿ. ಬಂದ್ರೆ ಬುಡಕಿಲ್ಲ, ಹಿಡೀತೀನಿ. ಜೋಪಾನ."

ರಾಮಣ್ಣ ನಗಲು ಹೋದರು, ಆಗಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಗುಡಿಯ ಕಡೆ ಒಮ್ಮೆ ನೋಡಿ, ಹೊಳೆಯ ಕಡೆ ತಿರುಗಿ ಓಡತೊಡಗಿದರು.

ಭಾಗ್ಯಲಕ್ಷ್ಮಿ ಅಪ್ಪನ ಶೂ ಎತ್ತಿಕೊಂಡು ಕಲ್ಲಿನ ಹತ್ತಿರ ಬಂದು ನಿಂತಳು. ಹೊನ್ನಯ್ಯನವರು ಅತ್ತ ನೋಡಲಿಲ್ಲ. ಅವರ ಕೈ ಕಲ್ಲಿನ ಮೇಲಿತ್ತು. ಬಿಸಿಲಿನಲ್ಲಿ ದೂರ ಸರಿಯುತ್ತಿದ್ದ ಆ ಬರಿಗಾಲುಗಳ ಜೊತೆಗೇ ಅವರ ತುಟಿ ಅಲುಗುತ್ತಿತ್ತು. ಹದಿನೇಳು. ಹದಿನೆಂಟು.

ಹತ್ತೊಂಬತ್ತು ಎಂದು, ಕಲ್ಲಿನಿಂದ ಕೈ ತೆಗೆದರು.