ಅಳತೆಕಂಬದ ಬುಡ

ಅತ್ತೆ-ಸೊಸೆ ಇಬ್ಬರೂ ಒಂದೇ ಕಸುಬಿನವರಾದರೆ ಮನೆ ಹೇಗಿರುತ್ತೆ ಅಂತ ಕೇಳುವವರಿಗೆ ಈ ಮನೆ ತೋರಿಸಬೇಕು. ಅತ್ತೆ ಜೀವಮಾನವೆಲ್ಲ ನದಿಗಳ ನೀರು ಅಳೆದು ನಿವೃತ್ತರಾದವರು. ಸೊಸೆ ಅದೇ ಸಂಸ್ಥೆಯಲ್ಲಿ ಕೂತು ಈಗ ಅವೇ ನದಿಗಳನ್ನು ಅಳೆಯುವವಳು. ಊಟದ ಮೇಜಿಗೆ ಮಳೆ, ಪ್ರವಾಹ, ಅಂತರ್ಜಲ ಎಲ್ಲ ಬರುತ್ತಿತ್ತು. ಸೊಸೆ ಬರೆಯುವ ಲೇಖನ ಮಾತ್ರ ಬರುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ಅವಳ ಮೊದಲ ಲೇಖನ ಅಚ್ಚಾದಾಗ, "ಅತ್ತೆ ಬರೆದುಕೊಟ್ಟಿರಬೇಕು" ಅಂತ ಆಫೀಸಿನವರು ಕಾಫಿ ಕುಡೀತಾ ಆಡಿಕೊಂಡಿದ್ದು ಅವಳ ಕಿವಿಗೆ ಬಿದ್ದಿತ್ತು. ಅವತ್ತೇ ಕಡ್ಡಿ ಮುರಿದಂತೆ ಹೇಳಿದ್ದಳು: "ಅತ್ತೆ, ಇನ್ಮೇಲೆ ನನ್ನ ಬರವಣಿಗೆ ನಿಮಗೆ ತೋರಿಸಲ್ಲ. ಬೇಜಾರು ಮಾಡ್ಕೋಬೇಡಿ."

ಅತ್ತೆ ಬೇಜಾರು ಮಾಡಿಕೊಂಡರು. ಬಾಯಿ ಬಿಟ್ಟು ಹೇಳಲಿಲ್ಲ, ಅಷ್ಟೇ.

ಹೀಗಿರುವಾಗ ದೇಶದ ಜಲವಿಜ್ಞಾನ ಪತ್ರಿಕೆಯ ಸಂಪಾದಕ ಒಂದು ಲೇಖನವನ್ನು ಅತ್ತೆಗೆ ಪರಿಶೀಲನೆಗೆ ಕಳಿಸಿದ. ಬರೆದವರು ಯಾರೆಂದು ಓದುವವರಿಗೆ ಗೊತ್ತಾಗಬಾರದು, ಓದಿದವರು ಯಾರೆಂದು ಬರೆದವರಿಗೆ ಗೊತ್ತಾಗಬಾರದು, ಅದು ಪದ್ಧತಿ. ಲೇಖನ ಪಾಸಾದರೆ ವಾರ್ಷಿಕ ಸಮ್ಮೇಳನದಲ್ಲಿ ಮಾತಾಡುವ ಅವಕಾಶ. ಹೆಸರು ಮುಚ್ಚಿದರೇನು ಬಂತು? ನಕ್ಷೆಯಲ್ಲಿ ನದಿಗೆ ನೇರಳೆ ಬಣ್ಣ ಬಳಿಯುವವಳು ಇಡೀ ದೇಶಕ್ಕೆ ಒಬ್ಬಳೇ, ಅವಳು ಆಗ ಪಕ್ಕದ ಕೋಣೆಯಲ್ಲಿ ತಲೆ ಒರೆಸಿಕೊಳ್ಳುತ್ತಿದ್ದಳು.

ತಕ್ಷಣ ವಾಪಸು ಕಳಿಸಬೇಕಿತ್ತು. ಆದರೆ ಕಣ್ಣು ಕೇಳಬೇಕಲ್ಲ! ಓದಿದರು. ಚೆನ್ನಾಗಿತ್ತು ಕಣ್ರೀ, ಹೆತ್ತ ಮಗಳು ಬರೆದಿದ್ದರೂ ಅಷ್ಟು ಹೆಮ್ಮೆ ಆಗುತ್ತಿರಲಿಲ್ಲ. ಕೊನೆಗೆ ಆ ದೊಡ್ಡ ತೀರ್ಮಾನ ಬಂತು: ನದಿಯ ಮಟ್ಟ ವರ್ಷಪೂರ್ತಿ ಇಳಿದಿದೆ, ನದಿ ಒಣಗುತ್ತಿದೆ. ಅತ್ತೆಯ ಎದೆ ಧಸಕ್ ಅಂತು.

ಆ ನದಿಯ ದಡದಲ್ಲಿ ಬೂಟು ಹಾಕಿಕೊಂಡು ನಿಂತವರು ಅವರು. ಹಿಂದೊಮ್ಮೆ ಪ್ರವಾಹ ಬಂದು, ನೀರಿನ ಮಟ್ಟ ಅಳೆಯುವ ಕಂಬವನ್ನೇ ಕಿತ್ತುಕೊಂಡು ಹೋಗಿತ್ತು. ಹೊಸ ಕಂಬ ಗಟ್ಟಿಯಾಗಿ ನಿಲ್ಲಲಿ ಅಂತ ಸ್ವಲ್ಪ ಎತ್ತರದ ಬಂಡೆಯ ಮೇಲೆ ನೆಟ್ಟಿದ್ದರು. ಕಂಬದ ಸೊನ್ನೆಯ ಗುರುತೇ ಮೇಲೇರಿತು. ನೀರು ಇದ್ದಷ್ಟೇ ಇದ್ದರೂ ಅಂಕಿ ಕಡಿಮೆ ಬರತೊಡಗಿತು. ಹಳೆ ಅಂಕಿ, ಹೊಸ ಅಂಕಿ ಎರಡನ್ನೂ ಸರಿಹೊಂದಿಸದೆ ಒಂದೇ ಗೆರೆಗೆ ಪೋಣಿಸಿಬಿಟ್ಟಿದ್ದಳು ಮಹರಾಯ್ತಿ.

ಈಗೇನು ಮಾಡೋದು? ಸುಮ್ಮನಿದ್ದರೆ ಸಮ್ಮೇಳನದಲ್ಲಿ ಯಾರಾದರೂ ಎದ್ದು ನಿಂತು ಹುಡುಗಿಯ ಮಾನ ಹರಾಜು ಹಾಕುತ್ತಾರೆ. ಮನೆಯಲ್ಲಿ ಹೇಳಿದರೆ ಪರಿಶೀಲನೆಯ ಗುಟ್ಟು ರಟ್ಟಾಗುತ್ತೆ. ಅದೂ ಹೋಗಲಿ, ಇದು ನನ್ನ ಸ್ವಂತದ್ದು ಅಂತ ಅವಳು ಇಷ್ಟು ವರ್ಷ ಜತನ ಮಾಡಿಕೊಂಡು ಬಂದಿದ್ದನ್ನು ಕೈಯಾರೆ ಕಿತ್ತುಕೊಂಡ ಹಾಗಾಗುತ್ತೆ. ಬಾಯಲ್ಲಿ ಬಿಸಿತುಪ್ಪ, ಉಗುಳೋ ಹಾಗಿಲ್ಲ, ನುಂಗೋ ಹಾಗಿಲ್ಲ.

ಕೊನೆಗೆ ಸಂಪಾದಕನಿಗೆ ಇದ್ದದ್ದು ಇದ್ದ ಹಾಗೆ ಬರೆದರು. ಇದು ನನ್ನ ಸೊಸೆಯದು, ತೀರ್ಪು ಹೇಳೋಕೆ ನಾನು ಲಾಯಕ್ಕಲ್ಲ, ಬೇರೆಯವರಿಗೆ ಕಳಿಸಿ. ಆದರೆ ಕಂಬದ ವಿಷಯ ಮಾತ್ರ ಅವಳ ಕಿವಿಗೆ ಬೀಳಲಿ ಅಂತ ಕೆಳಗೆ ನಾಲ್ಕು ಸಾಲು ಗೀಚಿದರು. ಸಂಪಾದಕ ಶುದ್ಧ ಸೋಮಾರಿ. ಆ ನಾಲ್ಕು ಸಾಲನ್ನು ಒಂದಕ್ಷರ ತಿದ್ದದೆ, ಬೇರೆ ಪರಿಶೀಲಕರ ಟಿಪ್ಪಣಿಯ ಜೊತೆ ಸೇರಿಸಿ ಸೊಸೆಗೆ ಕಳಿಸಿಬಿಟ್ಟ.

ಊಟದ ಹೊತ್ತಿಗೆ ಸೊಸೆ ಕೆಂಡಾಮಂಡಲವಾಗಿ ಬಂದಳು. "ಯಾರೋ ಪುಣ್ಯಾತ್ಮರು ನಂಗೆ ಪಾಠ ಹೇಳ್ತಾರೆ, ಕೇಳಿ! 'ಪಾತ್ರೆಯ ತಳ ನೋಡದೆ ಹಾಲು ಎಷ್ಟಿದೆ ಅಂತ ಹೇಳಬಾರದು. ಮೊದಲು ಕಂಬದ ಬುಡ ನೋಡಿ.' ಹಾಲಂತೆ, ಪಾತ್ರೆಯಂತೆ! ಇದೇನು ವಿಜ್ಞಾನವೋ, ಅಡುಗೆಮನೆಯೋ?"

ಅವಳ ಗಂಡನ ಚಮಚ ಬಾಯಿಗೆ ಹೋಗುವ ದಾರಿಯಲ್ಲೇ ನಿಂತಿತು. ಪಾತ್ರೆಯ ತಳದ ಮಾತು ಅವನು ಹಾಲು ಕುಡಿಯುವ ವಯಸ್ಸಿನಿಂದ ಕೇಳಿದ್ದು. ಅಮ್ಮನ ಮುಖ ನೋಡಿದ. ಅಮ್ಮ ಮೇಜಿನಡಿ ಅವನ ಕಾಲು ತುಳಿದರು.

"ಮೊದಲು ಊಟ ಮಾಡಮ್ಮ, ಆರಿಹೋಗುತ್ತೆ" ಅಂದರು ಸೊಸೆಗೆ. ಹಾಳು ಕೈ, ಬರೆಯೋವಾಗ ಸ್ವಲ್ಪ ಸುಮ್ಮನಿರಬಾರದಿತ್ತಾ ಅಂತ ಒಳಗೊಳಗೇ ಬೈದುಕೊಂಡರು.

ಸೊಸೆ ಒಂದೆರಡು ದಿನ ಸಿಕ್ಕಸಿಕ್ಕವರ ಮೇಲೆ ಹಾರಾಡಿದಳು. ಆಮೇಲೆ ಬೂಟು ಹಾಕಿಕೊಂಡು ನದಿಗೆ ಹೋಗಿ ಕಂಬದ ಬುಡ ನೋಡಿ ಬಂದಳು. ಬಂದವಳೇ ಲೆಕ್ಕವನ್ನೆಲ್ಲ ಹೊಸದಾಗಿ ಹಾಕಲು ಕೂತಳು. ಲೇಖನ ಪಾಸಾಯಿತು.

ಸಮ್ಮೇಳನದ ದಿನ ಅತ್ತೆ ಹಿಂದಿನ ಸಾಲಿನಲ್ಲಿ ಉಗುರು ಕಚ್ಚುತ್ತಾ ಕೂತಿದ್ದರು. ನದಿ ಒಣಗುತ್ತಿಲ್ಲ, ಬೇಸಿಗೆಯ ಹರಿವು ಮಾತ್ರ ಇಳಿದಿದೆ ಅಂತ ಸೊಸೆ ಹೇಳಿ ಮುಗಿಸಿದಳು. ಮುಂದಿನ ಸಾಲಿನಿಂದ ಮೀಸೆ ಎದ್ದ. ಯಾರೇ ಮಾತಾಡಲಿ ಕೊಂಕು ತೆಗೆಯುವುದೇ ಅವನ ಕಸುಬು, ಎಲ್ಲರೂ ಅವನನ್ನು ಮೀಸೆ ಅಂತಲೇ ಕರೆಯುವುದು.

"ಅಲ್ಲಿ ಕಂಬ ಬದಲಾಗಿತ್ತಲ್ಲಮ್ಮ. ಅದನ್ನ ನೋಡಿದ್ದೀಯೋ, ಇಲ್ವೋ?"

"ನೋಡಿದ್ದೀನಿ ಸಾರ್. ಮುಂದಿನ ಚಿತ್ರದಲ್ಲಿದೆ."

ಮೀಸೆ ಕೂತ. ಚಪ್ಪಾಳೆ ಬಿತ್ತು. ಅತ್ತೆ ಸ್ವೆಟರಿನ ತೋಳಿನಲ್ಲಿ ಕಣ್ಣೊರೆಸಿಕೊಂಡರು.

ಚಹಾದ ಹೊತ್ತಿಗೆ ಮೀಸೆ ಅತ್ತೆಯ ಹತ್ತಿರ ಬಂದು ಹಲ್ಲು ಕಿರಿದ. "ಮನೇಲೇ ಗುರುಗಳಿದ್ದಾರೆ. ಇನ್ನೇನು ಬಿಡಿ!"

ಅತ್ತೆಗೆ ನಖಶಿಖಾಂತ ಉರಿಯಿತು. "ಒಂದು ಹಾಳೆ ತೋರಿಸಿಲ್ಲ ಸ್ವಾಮಿ ಅವಳು ನಂಗೆ! ಎಲ್ಲ ಅವಳದ್ದೇ ದುಡಿಮೆ. ಬೇಕಾದ್ರೆ ಅವಳನ್ನೇ ಕೇಳಿ!"

ಕೇಳಬೇಕಾಗಲಿಲ್ಲ. ಸೊಸೆ ಹಿಂದೆಯೇ ನಿಂತಿದ್ದಳು.

"ನಿಜ ಸಾರ್, ತೋರಿಸಿರಲಿಲ್ಲ" ಅಂದಳು. ಚೀಲದಿಂದ ಒಂದಷ್ಟು ಹಾಳೆ ತೆಗೆದು, ಮೀಸೆಯ ಕಣ್ಣೆದುರಿಗೇ ಅತ್ತೆಯ ಕೈಗಿಟ್ಟಳು. "ಇದು ಹೊಸದು, ಇನ್ನೂ ಎಲ್ಲೂ ಕಳಿಸಿಲ್ಲ. ಪಾತ್ರೆಯ ತಳ ನೋಡಿ ಕೊಡ್ತೀರಾ, ಅತ್ತೆ?"

ಅತ್ತೆ ಹಾಳೆಗಳನ್ನು ಎದೆಗವಚಿಕೊಂಡು ಕುರ್ಚಿ ಎಳೆದು ಅಲ್ಲೇ ಕೂತರು.

"ಪೆನ್ನು ಕೊಡೇ" ಅಂದರು.