ಕಲಾ ಹೆಸರಿನಲ್ಲಿ ಬರೆದದ್ದು

೧
ಎಲ್ಲಿಂದ ಶುರುಮಾಡಲಿ? ಪರೀಕ್ಷೆಯ ಗಂಟೆಯಿಂದ ಅಂದರೆ ಸೋಮಾರಿ ಕಥೆಗಾರ ಅಂತೀರಿ. ವಿಜಯನಗರದ ಟ್ರಾಫಿಕ್‌ನಿಂದ ಅಂದರೆ ಪುಟ ತಿರುಗಿಸಿಬಿಡುತ್ತೀರಿ. ಅದಕ್ಕೇ ನೇರವಾಗಿ ಹೇಳಿಬಿಡುತ್ತೇನೆ: ಅನಘಾ ಕಳ್ಳಿ. (ಈ ವಾಕ್ಯ ಹೊಡೆದುಹಾಕಿ ಎಂದು ಅವಳು ಗೋಗರೆಯುತ್ತಿದ್ದಾಳೆ. ಸದ್ಯಕ್ಕೆ ಇರಲಿ.)

ಬಿ.ಕಾಂ. ಎರಡನೇ ವರ್ಷದ ಅನಘಾ ಇವತ್ತು ಅಕ್ಕ ಕಲಾಳ ಸೀರೆ ಉಟ್ಟು, ಅಕ್ಕನ ಹಾಲ್ ಟಿಕೆಟ್ ಹಿಡಿದು ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಗೆ ಕೂತಿದ್ದಾಳೆ. ಕಲಾ ಒಂದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ ದಿನಗೂಲಿ. ಹತ್ತನೇ ಕ್ಲಾಸ್ ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಜೂನ್‌ನಿಂದ ಬರಬೇಡ ಎಂದಿದ್ದಾರೆ. ಉಳಿದ ವಿಷಯಗಳೆಲ್ಲ ಮುಗಿದಿವೆ. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿದೆ.

೨
ಮೊದಲ ಡ್ರಾಫ್ಟಿನಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಅನಘಾ ಬರೆದಳು, ಕಲಾ ಪಾಸಾದಳು, ಮನೆಯಲ್ಲಿ ಹೋಳಿಗೆ. ಹರಿದುಹಾಕಿದೆ. (ಹೊಟ್ಟೆಕಿಚ್ಚು ಸ್ವಾಮಿ. ಗಣಿತದಲ್ಲಿ ನಾನು ಮೂವತ್ತೈದು ದಾಟಿದವನಲ್ಲ.)

೩
ಅಕ್ಕತಂಗಿಯರು ತಿಂಗಳುಗಟ್ಟಲೆ ತಯಾರಿ ನಡೆಸಿದ್ದರು. ಅಕ್ಕನ ಸಹಿಯನ್ನು ಅನಘಾ ನೂರು ಸಲ ತಿದ್ದಿದ್ದಳು. ಬೆಳಿಗ್ಗೆ ಕಲಾ ತನ್ನ ಕೈಯಾರೆ ತಾಳಿ ತೆಗೆದು ತಂಗಿಯ ಕೊರಳಿಗೆ ಹಾಕಿದ್ದಳು. ಮದುವೆಯ ದಿನದಿಂದ ಅದು ಅಕ್ಕನ ಕೊರಳು ಬಿಟ್ಟು ಇಳಿದದ್ದೇ ಇರಲಿಲ್ಲ.

ಚಪ್ಪಲಿಯಲ್ಲಿ ಚೀಟಿ ಅಡಗಿಸುತ್ತಾರೆಂದು ಈ ಸೆಂಟರಿನಲ್ಲಿ ಎಲ್ಲರೂ ಚಪ್ಪಲಿಯನ್ನು ಬಾಗಿಲಾಚೆ ಬಿಡಬೇಕು. ಇದೊಂದು ಇಬ್ಬರಿಗೂ ಹೊಳೆದಿರಲಿಲ್ಲ. ಸಹಿ ಹಾಕಿಸಲು ಬಂದ ಮೇಲ್ವಿಚಾರಕಿ ಲಕ್ಷ್ಮಿದೇವಮ್ಮ, ಬಿದ್ದ ಪೆನ್ನೆತ್ತಲು ಬಗ್ಗಿದವರು ಏಳಲು ತುಸು ಹೆಚ್ಚೇ ಹೊತ್ತು ತೆಗೆದುಕೊಂಡರು.

"ಮದುವೆ ಆಗಿ ಎಷ್ಟು ವರ್ಷ ಆಯ್ತಮ್ಮ?"

"ಏಳು ವರ್ಷ, ಮೇಡಂ."

"ಕಾಲುಂಗುರ ಎಲ್ಲಿ?"

"ಕಾಲು ಊದಿತ್ತು. ತೆಗೆದಿಟ್ಟಿದೀನಿ."

"ಏಳು ವರ್ಷ ಹಾಕ್ಕೊಂಡಿದ್ದ ಬೆರಳಲ್ಲಿ ಒಂದು ಗುರುತಾದ್ರೂ ಬೇಡ್ವಾ?" ಅವರು ಹಾಲ್ ಟಿಕೆಟ್ಟನ್ನು ಬೆಳಕಿಗೆ ಹಿಡಿದು ಫೋಟೋ ನೋಡಿದರು, ಮುಖ ನೋಡಿದರು. ಆಮೇಲೆ ಬಾಗಿಲಲ್ಲಿದ್ದ ಅಟೆಂಡರನ್ನು ಕರೆದರು. "ಗೇಟ್ ಹತ್ರ ಹೋಗಿ, ಇವರ ಜೊತೆ ಬಂದೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ." ಮತ್ತೆ ಅವಳ ಕಡೆ ತಿರುಗಿ, "ನಿಜ ಹೇಳು. ನಿನ್ನ ಹೆಸರೇನು?"

ಅನಘಾ ಪೆನ್ನು ಕೆಳಗಿಟ್ಟಳು. ಪಕ್ಕದ ಬೆಂಚಿನವರೆಲ್ಲ ಬರೆಯುವುದನ್ನು ನಿಲ್ಲಿಸಿದರು.

೪
(ಇಲ್ಲಿ ಅವಳು ನನ್ನನ್ನು ಹಿಡಿದುಕೊಂಡಳು.

"ಸಾರ್, ಏನಾದ್ರೂ ಮಾಡಿ. ಕರೆಂಟ್ ತೆಗೀರಿ."

"ಹಗಲು ಹತ್ತೂವರೆ ಕಣಮ್ಮ. ಫ್ಯಾನ್ ನಿಲ್ಲತ್ತೆ ಅಷ್ಟೆ."

"ಹಂಗಾದ್ರೆ ಮೇಡಂನ ಒಳ್ಳೆಯವರನ್ನಾಗಿ ಮಾಡಿ."

"ಅವರು ಒಳ್ಳೆಯವರೇ. ಅದೇ ಈಗ ಕಷ್ಟ.")

೪ ಅ
"ಕಲಾ" ಅನ್ನುತ್ತಾಳೆ. ಬೆರಳಚ್ಚು, ಆಧಾರ್, ಪೊಲೀಸು. ಸುಳ್ಳು ಬಯಲಾಗಿ ಅಕ್ಕನ ಕೆಲಸ ಇವತ್ತೇ ಹೋಗುತ್ತದೆ.

೪ ಆ
"ಅನಘಾ. ಅಕ್ಕನಿಗೆ ಏನೂ ಗೊತ್ತಿಲ್ಲ" ಅನ್ನುತ್ತಾಳೆ. ಕೇಸು ಇವಳ ಮೇಲೆ. ಡಿಗ್ರಿ ಗೋವಿಂದ.

೪ ಇ
ಲಕ್ಷ್ಮಿದೇವಮ್ಮನವರ ಕಣ್ಣಲ್ಲಿ ನೀರು. (ಇಲ್ಲ, ಇದನ್ನು ಬರೆಯಲು ನನಗೇ ನಾಚಿಕೆಯಾಗುತ್ತದೆ.)

೭
(ಐದು, ಆರು ಹರಿದೆ. ಅವುಗಳಲ್ಲಿ ಬರೀ ಉಪದೇಶ ಇತ್ತು.)

ನಾನು ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಅಟೆಂಡರ್ ಹಿಂದೆ ಕಲಾ ಬಂದಳು. ತಂಗಿಯ ಚೂಡಿದಾರ, ಬೋಳು ಕೊರಳು.

"ನಾನೇ ಕಲಾ, ಮೇಡಂ. ಇವಳು ನನ್ನ ತಂಗಿ. ತಪ್ಪು ನಂದು, ಇವಳನ್ನ ಬಿಟ್ಬಿಡಿ."

"ಹಂಗೆಲ್ಲ ಬಿಡಕ್ಕಾಗಲ್ಲಮ್ಮ. ರಿಪೋರ್ಟ್ ಮಾಡ್ಲೇಬೇಕು."

"ಮಾಡಿ. ಪೊಲೀಸ್ನೋರು ಬರೋವರೆಗೂ ನನ್ನ ಪರೀಕ್ಷೆ ನಾನೇ ಬರೀತೀನಿ. ಒಂದು ಹಾಳೆ ಕೊಡಿ."

ನನಗೆ ತಡೆಯಲಾಗಲಿಲ್ಲ. "ಕಲಾ, ನಿಮಗೆ ಗಣಿತ ಬರಲ್ಲ. ಮತ್ತೆ ಫೇಲಾಗ್ತೀರ."

ಅವಳು ಮೊದಲ ಸಲ ನನ್ನನ್ನು ನೋಡಿದಳು. ಇಷ್ಟು ಹೊತ್ತು ಅವಳ ಕೈ, ಕೊರಳು, ಸಂಬಳ ಎಲ್ಲ ಬರೆದಿದ್ದೆ. ಒಂದು ಮಾತೂ ಆಡಲು ಬಿಟ್ಟಿರಲಿಲ್ಲ.

"ನಂಗೆ ಬರಲ್ಲ ಅಂತಾನೇ ಇವಳು ಬರೆಯೋಕೆ ಕೂತ್ಲು. ನೀವೂ ಅದಕ್ಕೇ ಕೂತಿದೀರಲ್ವಾ? ಅಂದಂಗೆ ನೀವ್ಯಾರು?"

ಲಕ್ಷ್ಮಿದೇವಮ್ಮ ನನ್ನ ಕಡೆ ತಿರುಗಿದರು. "ಹೌದಲ್ಲ. ಯಾರು ನೀವು? ಹಾಲ್ ಟಿಕೆಟ್ ತೋರ್ಸಿ."

ಇರಲಿಲ್ಲ.

೮
ಅಟೆಂಡರ್ ರಟ್ಟೆ ಹಿಡಿದು ನನ್ನನ್ನು ಗೇಟಿನಾಚೆ ಬಿಟ್ಟ. ಕೋಣೆ ಇರುವುದು ಎರಡನೇ ಮಹಡಿಯಲ್ಲಿ, ಇಲ್ಲಿಂದ ಏನೂ ಕಾಣುವುದಿಲ್ಲ. ಕಲಾಳಿಗೆ ಹಾಳೆ ಕೊಟ್ಟರೋ ಇಲ್ಲವೋ, ಅನಘಾ ಏನು ಹೆಸರು ಹೇಳಿದಳೋ, ನನಗೆ ನಿಜವಾಗಿಯೂ ಗೊತ್ತಿಲ್ಲ.

ಪೊಲೀಸ್ ಜೀಪು ಬಂತು. ಇಳಿದ ಕಾನ್‌ಸ್ಟೇಬಲ್ ನನ್ನ ಕೈಯಲ್ಲಿದ್ದ ಹಾಳೆಗಳನ್ನು ನೋಡಿದ.

"ಒಳಗಿಂದ ಬಂದ್ರಾ ಸಾರ್? ಏನದು, ಕೊಡಿ ಇಲ್ಲಿ."

ಇದರಲ್ಲಿ ಎಲ್ಲ ಇದೆ. ಸೀರೆ, ತಾಳಿ, ನೂರು ಸಹಿ, ಇಬ್ಬರ ಹೆಸರು. ಇನ್ನೊಂದು ಸಾಲು ಬರೆದರೂ ಅದು ಆ ಹುಡುಗಿಯರ ವಿರುದ್ಧದ ಸಾಕ್ಷಿ. ಹಾಳೆಗಳನ್ನು ಬೆನ್ನ ಹಿಂದೆ ಹಿಡಿದಿದ್ದೇನೆ. ಅವನು ಕೈ ಚಾಚಿಕೊಂಡೇ ಇದ್ದಾನೆ. ನಾನು ಬರೆಯುವುದಿಲ್ಲ.